ಸರಳ ಬಟ್ಟೆ ತಪ್ಪನ್ನು ಮುಚ್ಚುವುದಿಲ್ಲ

ಪ್ರಶ್ನೆ: ನನಗೆ ಮೂವತ್ತೆಂಟು ವರ್ಷ. ನೋಡಲು ಸಾಧಾರಣ: ಚೌಕ ಭುಜ, ಎದ್ದು ಕಾಣುವ ದವಡೆ, ದೊಡ್ಡ ಕೈಗಳು. ಬ್ರಿಟನ್ನಿನ ದೊರೆಯೊಬ್ಬ ಸಿಂಹಾಸನ ಬಿಟ್ಟು ಮದುವೆಯಾದ ಡಚೆಸ್ ಆಫ್ ವಿಂಡ್ಸರ್ ವ್ಯಾಲಿಸ್ ಸಿಂಪ್ಸನ್ ಕೂಡ ಸುಂದರಿಯಾಗಿರಲಿಲ್ಲ, ಅಳತೆಗೆ ಸರಿಯಾಗಿ ಹೊಲಿಸಿದ ಸರಳ ಉಡುಪುಗಳಿಂದಲೇ ಸೊಗಸಿಗೆ ಹೆಸರಾದಳು ಎಂದು ಓದಿ ನನಗೂ ಧೈರ್ಯ ಬಂತು. ಹೂವು, ನೆರಿಗೆ, ಲೇಸು ಇದ್ದ ಬಟ್ಟೆಗಳನ್ನೆಲ್ಲ ಮೂಲೆಗಿಟ್ಟು ಬೂದು ಬಣ್ಣದ ಜಾಕೆಟ್ ಮತ್ತು ಸ್ಕರ್ಟ್ ಹೊಲಿಸಿದೆ. ಬಟ್ಟೆ ಪಾಲಿಯೆಸ್ಟರ್ ಮಿಶ್ರಣದ್ದು. ಕಾಲರಿನ ಕೆಳಗೆ ಬೆನ್ನಿನ ಮೇಲೆ ಒಂದು ಅಡ್ಡ ಮಡಿಕೆ ಬೀಳುತ್ತದೆ. ತೋಳೆತ್ತಿದರೆ ಇಡೀ ಜಾಕೆಟ್ ಮೇಲಕ್ಕೆ ಬರುತ್ತದೆ. ಟೈಲರ್ ಕಂಕುಳ ಹತ್ತಿರ ಇನ್ನಷ್ಟು ಸಡಿಲ ಮಾಡಿಕೊಟ್ಟರು, ಭುಜಕ್ಕೆ ದಪ್ಪ ಪ್ಯಾಡ್ ಹಾಕಿದರು, ಏನೂ ಪ್ರಯೋಜನವಾಗಲಿಲ್ಲ. ಸಹೋದ್ಯೋಗಿಯೊಬ್ಬರು "ಸಮವಸ್ತ್ರವೇ?" ಎಂದು ಕೇಳಿದ ಮೇಲೆ ಅದನ್ನು ಮುಟ್ಟಿಲ್ಲ. ಡಚೆಸ್ಸಿಗೆ ಸಾಧ್ಯವಾದದ್ದು ದುಡ್ಡಿನಿಂದಲೋ, ತೆಳ್ಳಗಿದ್ದುದರಿಂದಲೋ? ನನ್ನಂಥವರಿಗೆ ಸರಳ ಉಡುಪು ಒಗ್ಗುವುದೇ ಇಲ್ಲವೇ?

ಉತ್ತರ: ಖಂಡಿತ ಒಗ್ಗುತ್ತದೆ. ನಿಮ್ಮ ಪತ್ರದಲ್ಲಿ ರೂಪದ ತೊಂದರೆ ನನಗೆ ಕಾಣಲಿಲ್ಲ, ಕಂಡದ್ದು ಒಂದು ಜಾಕೆಟ್ಟಿನ ತೊಂದರೆ. ಅಡ್ಡ ಮಡಿಕೆ, ಮೇಲೇಳುವ ಜಾಕೆಟ್, ದಪ್ಪ ಪ್ಯಾಡ್ ಎಂದು ಬಿಡಿಬಿಡಿಯಾಗಿ ಬರೆದಿದ್ದೀರಿ. ಹೊಲಿಗೆಯವರ ಕಣ್ಣಿಗೆ ಅವು ಒಂದೇ ಕತೆಯ ತುಣುಕುಗಳು. ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ನೀವು ಮಾದರಿಯಾಗಿ ಇಟ್ಟುಕೊಂಡ ಹೆಂಗಸಿನ ಕತೆಯಲ್ಲಿ ಅರ್ಧ ಮಾತ್ರ ನಿಮಗೆ ಸಿಕ್ಕಿದೆ. ಉಳಿದರ್ಧ ತಿಳಿಯದೆ ಆಕೆಯ ದಾರಿ ಹಿಡಿದರೆ ಇನ್ನೊಂದು ಜಾಕೆಟ್ಟಿಗೂ ಇದೇ ಗತಿಯಾದೀತು.

ದುಡ್ಡಿನ ಪ್ರಶ್ನೆಯಿಂದಲೇ ಶುರು ಮಾಡೋಣ. ಮುಂದೆ ಡಚೆಸ್ ಆದ ಬೆಸ್ಸಿ ವ್ಯಾಲಿಸ್ ವಾರ್‌ಫೀಲ್ಡ್ 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ ಬಾಲ್ಟಿಮೋರ್‌ನಲ್ಲಿ ಬೆಳೆದಳು. ಇನ್ನೂ ಕೆಲವು ತಿಂಗಳ ಕೂಸಾಗಿದ್ದಾಗಲೇ ತಂದೆ ಕ್ಷಯದಿಂದ ತೀರಿಕೊಂಡರು. ಮನೆತನದ ಹೆಸರು ದೊಡ್ಡದು, ಕೈಯಲ್ಲಿ ಕಾಸಿಲ್ಲ. ದೊಡ್ಡಪ್ಪನ ಹಂಗಿನಲ್ಲಿ ಓದಿದ ಹುಡುಗಿ. ನೌಕಾಪಡೆಯ ವಿಮಾನ ಚಾಲಕನೊಂದಿಗೆ 1916ರಲ್ಲಿ ಆದ ಮೊದಲ ಮದುವೆ 1927ರಲ್ಲಿ ಮುರಿಯಿತು. ಮರುವರ್ಷ ಹಡಗು ವ್ಯವಹಾರದ ಅರ್ನೆಸ್ಟ್ ಸಿಂಪ್ಸನ್‌ನನ್ನು ಮದುವೆಯಾಗಿ ಲಂಡನ್‌ನಲ್ಲಿ ನೆಲೆಸಿದಳು. 1931ರಲ್ಲಿ ಬ್ರಿಟಿಷ್ ಆಸ್ಥಾನದ ಸಮಾರಂಭಕ್ಕೆ ಹೋಗಬೇಕಾಗಿ ಬಂದಾಗ ಆಕೆ ತೊಟ್ಟದ್ದು ಗೆಳತಿಯರಿಂದ ಎರವಲು ತಂದ ಉಡುಪು. ಐದು ವರ್ಷಗಳ ನಂತರ, 1936ರ ಡಿಸೆಂಬರಿನಲ್ಲಿ, ಬ್ರಿಟನ್ನಿನ ದೊರೆ ಎಂಟನೆಯ ಎಡ್ವರ್ಡ್ ಆಕೆಗಾಗಿ ಸಿಂಹಾಸನವನ್ನೇ ಬಿಟ್ಟ. ಟೈಮ್ ಪತ್ರಿಕೆ ಆ ವರ್ಷದ ವ್ಯಕ್ತಿಯಾಗಿ ಆರಿಸಿದ್ದು ಈಕೆಯನ್ನು. ಆ ಪಟ್ಟ ಪಡೆದ ಮೊದಲ ಹೆಂಗಸು.

ಎರವಲು ಸೀರೆಯುಟ್ಟು ಮೆರೆಯಲಾಗದು ಎನ್ನುವವರಿಗೆ ಈಕೆ ಒಳ್ಳೆಯ ಉತ್ತರ. ಹಾಗೆಂದು ದುಡ್ಡಿನ ಪಾತ್ರವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ನಾವು ಚಿತ್ರಗಳಲ್ಲಿ ನೋಡಿ ಬೆರಗಾಗುವ ವ್ಯಾಲಿಸ್ ಪ್ಯಾರಿಸ್ಸಿನ ದೊಡ್ಡ ಹೊಲಿಗೆ ಮನೆಗಳ ಗಿರಾಕಿ. ಅಂಥ ಮನೆಗಳಲ್ಲಿ ಗಿರಾಕಿಯ ಅಳತೆಗೆ ತಕ್ಕ ಬೊಂಬೆ ಇರುತ್ತಿತ್ತು, ಒಂದು ಉಡುಪಿಗಾಗಿ ಮತ್ತೆ ಮತ್ತೆ ತೊಡಿಸಿ ನೋಡುತ್ತಿದ್ದರು, ಒಂದೇ ಉಡುಪಿನ ಮೇಲೆ ಹಲವು ಕೈಗಳು ಕೆಲಸ ಮಾಡುತ್ತಿದ್ದವು. ದುಡ್ಡು ಕೊಂಡದ್ದು ಮುಖ್ಯವಾಗಿ ಈ ಕೈಗಳ ಸಮಯವನ್ನು. ಬಟ್ಟೆಯ ಬೆಲೆ ಅದರ ಮುಂದೆ ಸಣ್ಣದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಿಮ್ಮ ಖರ್ಚಿನ ಲೆಕ್ಕ ಹಾಕುವಾಗ ಬೇಕಾಗುತ್ತದೆ.

ತೆಳ್ಳಗಿರುವ ವಿಷಯ. ಎಷ್ಟು ದುಡ್ಡಿದ್ದರೂ, ಎಷ್ಟು ತೆಳ್ಳಗಿದ್ದರೂ ಅತಿಯಾಗದು ಎಂಬ ಅರ್ಥದ ಮಾತೊಂದು ಆಕೆಯ ಹೆಸರಿಗೆ ಅಂಟಿಕೊಂಡಿದೆ. ಆಕೆಯೇ ಹೇಳಿದಳೆನ್ನಲು ಗಟ್ಟಿ ಆಧಾರವಿಲ್ಲ. ಬೇರೆಯವರ ಹೆಸರಿನಲ್ಲೂ ಅದು ಓಡಾಡುತ್ತದೆ. ಆಕೆ ಕೊನೆಯವರೆಗೂ ಸಪೂರಳಾಗಿದ್ದುದು ನಿಜ, ತೆಳ್ಳಗಿನ ಮೈಗೆ ನೇರ ಗೆರೆಯ ಉಡುಪು ಹೊಲಿಯುವುದು ಸುಲಭ ಎಂಬುದೂ ನಿಜ. ಸುಲಭವಾಗುವುದು ಹೊಲಿಯುವವರಿಗೆ! ಆ ಸುಲಭಕ್ಕಾಗಿ ತೊಡುವವರು ಊಟ ಬಿಡಬೇಕಾಗಿಲ್ಲ. ನನ್ನ ಬಳಿ ಬರುವವರಲ್ಲಿ "ಐದು ಕಿಲೋ ಇಳಿಸಿ ಆಮೇಲೆ ಹೊಲಿಸುತ್ತೇನೆ" ಎನ್ನುವವರಿಗೆ ನಾನು ಹೇಳುವುದು ಒಂದೇ: ಇವತ್ತಿನ ಅಳತೆಗೆ ಹೊಲಿಸಿ, ಪಕ್ಕದ ಹೊಲಿಗೆಯ ಒಳಗೆ ಹೆಚ್ಚುವರಿ ಬಟ್ಟೆ ಬಿಡಲು ಹೇಳಿ. ಇಳಿಸುವ ಐದು ಕಿಲೋಗೆ ಕಾಯುತ್ತ ವರ್ಷಗಟ್ಟಲೆ ಹೊಂದದ ಬಟ್ಟೆಯಲ್ಲಿ ಓಡಾಡಿದವರನ್ನು ಬಹಳ ಮಂದಿ ನೋಡಿದ್ದೇನೆ.

ಈಗ ನಿಜವಾದ ಗೊಂದಲಕ್ಕೆ ಬರೋಣ. ಸರಳ ಎಂದರೆ ಏನು?

1937ರ ಜೂನ್ 3ರಂದು ಫ್ರಾನ್ಸಿನ ಕಾಂಡೆ ಎಂಬ ಕೋಟೆಮನೆಯಲ್ಲಿ ಎಡ್ವರ್ಡ್ ಜೊತೆ ನಡೆದ ಮದುವೆಗೆ ವ್ಯಾಲಿಸ್ ತೊಟ್ಟ ಉಡುಪನ್ನು ಹೊಲಿಸಿದವನು ಮೇನ್‌ಬೋಶೆ. ಷಿಕಾಗೋದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ವೋಗ್ ಪತ್ರಿಕೆಯ ಫ್ರೆಂಚ್ ಆವೃತ್ತಿಯ ಸಂಪಾದಕನಾಗಿದ್ದು, ಆಮೇಲೆ ಅಲ್ಲಿಯೇ ಸ್ವಂತ ಹೊಲಿಗೆ ಮನೆ ತೆರೆದವನು. ತಿಳಿ ನೀಲಿ ರೇಷ್ಮೆ ಕ್ರೇಪು, ನೆಲ ಮುಟ್ಟುವ ಉದ್ದ, ಉದ್ದ ತೋಳು, ಮೈಗೆ ಕೂರುವ ಮೇಲ್ಭಾಗ, ಸಾಲು ಸಣ್ಣ ಗುಂಡಿಗಳು. ಲೇಸಿಲ್ಲ, ಮುಖದ ಮೇಲೆ ಇಳಿಬಿಡುವ ಜಾಲರಿಯೂ ಇಲ್ಲ. ಆ ನೀಲಿಗೆ ವ್ಯಾಲಿಸ್ ನೀಲಿ ಎಂದೇ ಹೆಸರಾಯಿತು. ಸ್ವಲ್ಪ ಕಾಲದಲ್ಲೇ ಅಮೆರಿಕದ ಅಂಗಡಿಗಳಲ್ಲಿ ಅದರ ಅಗ್ಗದ ನಕಲುಗಳು ತೂಗಾಡಿದವು. ಗೆರೆ ಅದೇ, ಬಣ್ಣ ಹೆಚ್ಚುಕಡಿಮೆ ಅದೇ. ಕೊಂಡವರಲ್ಲಿ ಯಾರನ್ನೂ ಲೋಕ ತಿರುಗಿ ನೋಡಲಿಲ್ಲ. ಮೂಲದಲ್ಲಿದ್ದ ವಿಶೇಷ ಗೆರೆಯದಲ್ಲ, ಆ ಗೆರೆ ಒಬ್ಬಳೇ ಒಬ್ಬಳ ಭುಜ, ಎದೆ, ಸೊಂಟದ ಮೇಲೆ ಎಲ್ಲಿ ಬೀಳಬೇಕೋ ಅಲ್ಲಿ ಬಿದ್ದದ್ದು. ಉಡುಪು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಡಚೆಸ್ ಅದನ್ನು 1950ರಲ್ಲಿ ಕೊಟ್ಟಳು. ಆ ಹೆಸರುವಾಸಿ ನೀಲಿ ಮಾತ್ರ ಬಹುಮಟ್ಟಿಗೆ ಮಾಸಿಹೋಗಿದೆ, ಬಣ್ಣ ನಿಲ್ಲಲಿಲ್ಲ. ಹೊಲಿಗೆ ನಿಂತಿದೆ.

ಇನ್ನೊಂದು ಕಡೆ, ಮದುವೆಯ ವರ್ಷವೇ ಅದೇ ಕಾಂಡೆಯ ತೋಟದಲ್ಲಿ ಛಾಯಾಗ್ರಾಹಕ ಸೆಸಿಲ್ ಬೀಟನ್ ತೆಗೆದ ಚಿತ್ರಗಳಲ್ಲಿ ಆಕೆ ಪ್ಯಾರಿಸ್ಸಿನ ವಿನ್ಯಾಸಕಿ ಸ್ಕ್ಯಾಪರೆಲ್ಲಿಯ ಬಿಳಿಯ ಸಂಜೆಯುಡುಪಿನಲ್ಲಿದ್ದಾಳೆ. ಅದರ ಸ್ಕರ್ಟಿನ ಮೇಲೆ ಚಿತ್ರಕಾರ ಸಾಲ್ವಡೋರ್ ಡಾಲಿ ರಚಿಸಿದ ದೊಡ್ಡದೊಂದು ಕೆಂಪು ಸಮುದ್ರ ಸೀಗಡಿ. ಇದು ಸರಳವೇ? ಅಥವಾ 1949ರಲ್ಲಿ ಒಡವೆ ಮಳಿಗೆ ಕಾರ್ಟಿಯೆಯಿಂದ ಕೊಂಡ, ಉಡುಪಿಗೆ ಚುಚ್ಚುವ ಪದಕವನ್ನು ನೋಡಿ: 152 ಕ್ಯಾರಟ್‌ಗೂ ಮಿಕ್ಕಿದ ಕಾಶ್ಮೀರಿ ನೀಲಮಣಿಯ ಮೇಲೆ ಕುಳಿತ ವಜ್ರದ ಚಿರತೆ. ಆಕೆ 1986ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ ಮರುವರ್ಷ ಜಿನೀವಾದಲ್ಲಿ ಒಡವೆಗಳ ಹರಾಜು ನಡೆಯಿತು. ಸುಮಾರು ಐದು ಕೋಟಿ ಡಾಲರ್ ಬಂತು, ಅದು ವೈದ್ಯಕೀಯ ಸಂಶೋಧನೆಯ ಪಾಸ್ಟರ್ ಸಂಸ್ಥೆಗೆ ಸಂದಿತು. ಆಕೆಯ ಸರಳ ಕಪ್ಪು, ಕಡುನೀಲಿ ಉಡುಪುಗಳನ್ನು ಹೊಗಳುವಾಗ ಭುಜದ ಮೇಲಿದ್ದ ಈ ಚಿರತೆಯನ್ನು ಮರೆಯುವುದು ನ್ಯಾಯವಲ್ಲ. ಉಡುಪು ಅಂಗಳದ ಸಾರಣೆ, ಪದಕ ಅದರ ಮೇಲಿನ ರಂಗೋಲಿ. ಸಾರಿಸದ ನೆಲದ ಮೇಲೆ ರಂಗೋಲಿ ಕಾಣುವುದಿಲ್ಲ. ಸಾರಿಸಿ ಬರಿದೇ ಬಿಟ್ಟರೆ ಬರಿಯ ನೆಲ. ನಿಮ್ಮ ಬೂದು ಜಾಕೆಟ್ಟಿನಲ್ಲಿ ಸಾರಣೆಯೂ ಏರುಪೇರು, ರಂಗೋಲಿಯೂ ಇಲ್ಲ.

ತನ್ನ ರೂಪದ ಬಗ್ಗೆ ಆಕೆಗೆ ಭ್ರಮೆ ಇರಲಿಲ್ಲ. ದವಡೆ ಚೌಕ, ಕೈಗಳು ದೊಡ್ಡವು. ನನಗೆ ಹಿಡಿಸುವ ಸಂಗತಿಯೆಂದರೆ, ಅವುಗಳನ್ನು ಮುಚ್ಚಲು ಆಕೆ ಹೆಣಗಿದಂತೆ ಕಾಣುವುದಿಲ್ಲ. ನಡು ಬೈತಲೆ ತೆಗೆದು ಕೂದಲನ್ನು ನುಣ್ಣಗೆ ಹಿಂದಕ್ಕೆ ಬಾಚಿ ದವಡೆಯನ್ನು ಬಯಲಿಗೇ ಬಿಟ್ಟಳು. ದೊಡ್ಡ ಕೈಗಳಿಗೆ ದೊಡ್ಡ ಬಳೆ, ದೊಡ್ಡ ಉಂಗುರ. ಸಾಧಾರಣ ರೂಪದವರು ಸಾಮಾನ್ಯವಾಗಿ ಮಾಡುವುದು ಇದರ ವಿರುದ್ಧ: ದವಡೆಯ ಮೇಲೆ ಕೂದಲು ಇಳಿಬಿಡುವುದು, ಅಂಗೈವರೆಗೆ ಜಾರುವ ತೋಳು, ಸೊಂಟ ಕಾಣದಂತೆ ಸಡಿಲ ಅಂಗಿ. ಮುಚ್ಚಿದ್ದೇವೆ ಎಂಬುದು ದೂರದಿಂದಲೇ ಗೊತ್ತಾಗುತ್ತದೆ, ಏನನ್ನು ಮುಚ್ಚಿದ್ದಾರೆ ಎಂದು ಜನ ಹುಡುಕತೊಡಗುತ್ತಾರೆ. ಅವಳ ಕಾಲದ ಪತ್ರಿಕೆಗಳ ಮುದ್ರಣವೂ ಆಕೆಗೆ ನೆರವಾಯಿತು ಎಂಬುದು ನನ್ನ ಅನಿಸಿಕೆ. 1930ರ ದಶಕದ ಕಪ್ಪು ಬಿಳುಪು ಚುಕ್ಕೆಗಳ ಚಿತ್ರದಲ್ಲಿ ಲೇಸು, ಕಸೂತಿಗಳೆಲ್ಲ ಕಲಸಿಹೋಗುತ್ತವೆ; ಚೂಪಾದ ಹೊರಗೆರೆ ಮಾತ್ರ ಉಳಿಯುತ್ತದೆ.

(ಉಡುಪನ್ನು ಮೆಚ್ಚುವುದು ಬೇರೆ, ವ್ಯಕ್ತಿಯನ್ನು ಮೆಚ್ಚುವುದು ಬೇರೆ. 1937ರ ಅಕ್ಟೋಬರಿನಲ್ಲಿ ಗಂಡನೊಂದಿಗೆ ಜರ್ಮನಿಗೆ ಹೋಗಿ ಹಿಟ್ಲರನ ಆತಿಥ್ಯ ಪಡೆದದ್ದೂ ಇದೇ ಹೆಂಗಸು. ನಾನು ಮಾತನಾಡುತ್ತಿರುವುದು ಹೊಲಿಗೆಯ ಬಗ್ಗೆ ಮಾತ್ರ.)

ಇನ್ನು ನಿಮ್ಮ ಜಾಕೆಟ್. ಹೂವಿನ ಬಟ್ಟೆಗೆ ಕರುಣೆ ಜಾಸ್ತಿ. ಡಾರ್ಟ್ (ಬಟ್ಟೆ ಮೈಗೆ ಕೂರಲು ಹಿಡಿಯುವ ಚೂಪು ಮಡಿಕೆಯ ಹೊಲಿಗೆ) ಅರ್ಧ ಇಂಚು ಆಚೀಚೆಯಾದರೂ, ಪಕ್ಕದ ಹೊಲಿಗೆ ಸೊಟ್ಟಗಾದರೂ ಹೂವುಗಳ ನಡುವೆ ಯಾರಿಗೂ ಕಾಣುವುದಿಲ್ಲ. ಒಂದೇ ಬಣ್ಣದ ಬಟ್ಟೆಯಲ್ಲಿ ಪ್ರತಿ ಸುಕ್ಕಿಗೂ ನೆರಳಿದೆ. ಹಾಗಾಗಿ ನೀವು ಹೂವನ್ನು ಬಿಟ್ಟು ಬೂದು ಬಣ್ಣಕ್ಕೆ ಬಂದಾಗ ಸುಲಭದ ದಾರಿಗೆ ಬರಲಿಲ್ಲ, ಕಷ್ಟದ ದಾರಿಗೆ ಬಂದಿರಿ. ಟೈಲರಿಗೂ ಅದು ಹೊಳೆದಂತಿಲ್ಲ.

ಕಾಲರಿನ ಕೆಳಗಿನ ಅಡ್ಡ ಮಡಿಕೆ ಚೌಕ ಭುಜದವರ ಹಳೆಯ ದೂರು. ಮಾಮೂಲಿ ಮಾದರಿಯ ಕತ್ತರಿಕೆಯಲ್ಲಿ ಭುಜದ ಹೊಲಿಗೆ ಕತ್ತಿನಿಂದ ತೋಳಿನ ಕಡೆಗೆ ಇಷ್ಟು ಇಳಿಜಾರು ಎಂದು ಲೆಕ್ಕ ಇರುತ್ತದೆ. ನಿಮ್ಮ ಭುಜ ಅಷ್ಟು ಇಳಿಯುವುದಿಲ್ಲ. ಹಾಗಾಗಿ ಭುಜದ ತುದಿ ಬಟ್ಟೆಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ, ಹೆಚ್ಚಾದ ಬಟ್ಟೆ ಬೇರೆ ಜಾಗವಿಲ್ಲದೆ ಕತ್ತಿನ ಹಿಂದೆ ಬಂದು ಮಲಗುತ್ತದೆ. ಅದರ ಮೇಲೆ ದಪ್ಪ ಪ್ಯಾಡ್ ಹಾಕಿದರೆ ತುದಿ ಇನ್ನೂ ಎತ್ತರವಾಗುತ್ತದೆ, ಮಡಿಕೆ ಇನ್ನೂ ದಪ್ಪವಾಗುತ್ತದೆ. ಪ್ಯಾಡ್ ಇರುವುದು ಭುಜ ಇಳಿದವರಿಗೆ. ನಿಮಗೆ ದೇವರೇ ಹಾಕಿ ಕಳುಹಿಸಿದ್ದಾನೆ.

ತೋಳೆತ್ತಿದಾಗ ಜಾಕೆಟ್ ಮೇಲೇಳುವುದಕ್ಕೆ ಕಾರಣ ತೋಳು ಜೋಡಿಸುವ ಸುತ್ತು, ಅಂದರೆ ಆರ್ಮ್‌ಹೋಲ್ ಆಳವಾಗಿರುವುದು. ಇದನ್ನು ಹೇಳಿದರೆ ಯಾರೂ ಒಮ್ಮೆಗೇ ನಂಬುವುದಿಲ್ಲ. ಬಿಗಿ ಎನಿಸಿದಾಗ ಕಂಕುಳನ್ನು ಇನ್ನಷ್ಟು ಕತ್ತರಿಸಿ ಸಡಿಲಿಸುವುದು ಸಹಜವಾದ ಯೋಚನೆ. ನಾನು ಕೆಲಸ ಕಲಿಯುತ್ತಿದ್ದಾಗ ಗಿರಾಕಿಯೊಬ್ಬರ ಮಾತಿಗೆ ಕಟ್ಟುಬಿದ್ದು ಮೂರು ಸಲ ಹೀಗೆಯೇ ಕತ್ತರಿಸಿದೆ. ಮೂರನೆಯ ಸಲ ಅವರು ಕೈಯೆತ್ತಿದಾಗ ಜಾಕೆಟ್ಟಿನ ಅಂಚು ಸೊಂಟದಿಂದ ಗೇಣುದ್ದ ಮೇಲೆ ಹೋಯಿತು, ಆ ಬಟ್ಟೆಯ ದುಡ್ಡನ್ನು ನಾನೇ ಕಟ್ಟಿಕೊಟ್ಟೆ. ಬಾಗಿಲಿನ ತಿರುಗಣಿಯನ್ನು ನೆನಪಿಸಿಕೊಳ್ಳಿ. ತೋಳು ತಿರುಗುವ ಕೀಲು ಭುಜದಲ್ಲಿ, ಕಂಕುಳ ಮೇಲೆಯೇ ಇದೆ. ಬಟ್ಟೆಯ ಕೀಲೂ ಅದಕ್ಕೆ ಹತ್ತಿರವಿದ್ದರೆ ತೋಳು ಮಾತ್ರ ಮೇಲೆ ಹೋಗುತ್ತದೆ. ಬಟ್ಟೆಯ ಕೀಲು ಎರಡು ಇಂಚು ಕೆಳಗಿದ್ದರೆ ತೋಳು ಎತ್ತಿದಾಗ ಪಕ್ಕದ ಹೊಲಿಗೆಯೇ ಎಳೆದುಕೊಂಡು ಮೇಲೇರಬೇಕು. ಎತ್ತರದ ಆರ್ಮ್‌ಹೋಲ್ ಇರುವ ಜಾಕೆಟ್ ಮೊದಲ ಸಲ ತೊಟ್ಟಾಗ ಬಿಗಿ ಎನಿಸಬಹುದು, ತೊಟ್ಟು ಕೆಲಸ ಮಾಡಿದಾಗ ಅದರ ಹಾಯಿ ತಿಳಿಯುತ್ತದೆ. ಮೈಗೆ ಕೂತ ಉಡುಪಿನಲ್ಲೂ ಬಿಗುಮಾನವಿಲ್ಲದೆ ಓಡಾಡುವವರ ಗುಟ್ಟು ಬಹುತೇಕ ಇಲ್ಲಿರುತ್ತದೆ.

ಬಟ್ಟೆಯ ಪಾಲೂ ಇದೆ. ತೋಳಿನ ತಲೆಯ, ಅಂದರೆ ಭುಜಕ್ಕೆ ಜೋಡಿಸುವ ಮೇಲಂಚಿನ, ಸುತ್ತಳತೆ ಆರ್ಮ್‌ಹೋಲಿಗಿಂತ ಎರಡು ಮೂರು ಸೆಂಟಿಮೀಟರ್ ಹೆಚ್ಚಿರಬೇಕು. ಆ ಹೆಚ್ಚನ್ನು ಸುಕ್ಕಿಲ್ಲದೆ ಒಳಗೆ ಕೂರಿಸಿದರೆ ತೋಳು ದುಂಡಗೆ ಇಳಿಯುತ್ತದೆ. ಉಣ್ಣೆಗೆ ಹಬೆ ಮತ್ತು ಇಸ್ತ್ರಿ ತಾಗಿಸಿದರೆ ಅದು ಹೇಳಿದಂತೆ ಕೇಳುತ್ತದೆ: ಬೇಕಾದಲ್ಲಿ ಕುಗ್ಗುತ್ತದೆ, ಬೇಕಾದಲ್ಲಿ ಹಿಗ್ಗುತ್ತದೆ. ಪಾಲಿಯೆಸ್ಟರ್ ಹಟಮಾರಿ. ಅದರಲ್ಲಿ ತೋಳಿನ ತಲೆ ಒಂದೋ ಚಪ್ಪಟೆಯಾಗುತ್ತದೆ, ಇಲ್ಲವೇ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಎದೆಯ ಭಾಗಕ್ಕೆ ಬಿಸಿಯಿಂದ ಅಂಟಿಸುವ ಕ್ಯಾನ್ವಾಸ್ ಹಾಕಿದ್ದರೆ ರಟ್ಟಿನಂತೆ ನಿಲ್ಲುತ್ತದೆ, ಕೆಲವು ಒಗೆತಗಳ ನಂತರ ಗುಳ್ಳೆ ಏಳುತ್ತದೆ. ಒಂದೇ ಬೂದು ಬಣ್ಣ, ರಟ್ಟಿನಂಥ ಎದೆ, ಎತ್ತರಿಸಿದ ಭುಜ, ಅಂಗಡಿಯ ಪ್ಲಾಸ್ಟಿಕ್ ಗುಂಡಿ: "ಸಮವಸ್ತ್ರವೇ?" ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಆ ಸಹೋದ್ಯೋಗಿಯ ಮಾತು ಒರಟು, ಕಣ್ಣು ಮಾತ್ರ ಚುರುಕು.

ಹಾಗಾದರೆ ಏನು ಮಾಡಬಹುದು? ಇರುವ ಜಾಕೆಟ್ಟನ್ನು ಅರ್ಧ ಉಳಿಸಬಹುದು. ಪ್ಯಾಡ್ ತೆಗೆಸಿ, ಭುಜದ ಹೊಲಿಗೆಯನ್ನು ಕತ್ತಿನ ಕಡೆಯಿಂದ ಸ್ವಲ್ಪ ಒಳಕ್ಕೆ ಹಿಡಿಸಿ, ಹಿಂದಿನ ಕತ್ತನ್ನು ತಕ್ಕಷ್ಟು ಇಳಿಸಿ ಕಾಲರನ್ನು ಮತ್ತೆ ಕೂರಿಸಿದರೆ ಮಡಿಕೆ ಹೋಗುತ್ತದೆ. ಕಾಲರ್ ಬಿಚ್ಚುವುದು ನಾಜೂಕಿನ ಕೆಲಸ. ಒಮ್ಮೆ ಹೆಚ್ಚು ಕತ್ತರಿಸಿದರೆ ವಾಪಸು ದಾರಿಯಿಲ್ಲ. ಆರ್ಮ್‌ಹೋಲ್ ಮಾತ್ರ ಈಗಾಗಲೇ ಮತ್ತೊಮ್ಮೆ ಕತ್ತರಿ ಕಂಡಿದೆ. ಹೋದ ಬಟ್ಟೆ ಬರುವುದಿಲ್ಲ. ಅದೇ ಬಟ್ಟೆಯ ತುಂಡು ಉಳಿದಿದ್ದರೆ ಕಂಕುಳಲ್ಲಿ ಸೇರಿಸಬಹುದು, ಹಾಕಿದ್ದು ಹೊರಗೆ ಕಾಣದು. ಆದರೂ ಅದು ತೇಪೆಯೇ. ತೋಳಿನ ಉದ್ದ, ಪಕ್ಕದ ಹೊಲಿಗೆ, ಅಂಚು, ಗುಂಡಿ ಇವೆಲ್ಲ ಸಣ್ಣ ಖರ್ಚಿನವು. ತೋಳು ಮಣಿಕಟ್ಟಿನ ಮೂಳೆಯ ಹತ್ತಿರ ನಿಲ್ಲಲಿ. ದೊಡ್ಡ ಕೈ ಎಂದು ಅಂಗೈವರೆಗೆ ಇಳಿಸಿದರೆ ಬೇರೆಯವರ ಜಾಕೆಟ್ ತೊಟ್ಟಂತೆ ಕಾಣುತ್ತದೆ.

ಸಿದ್ಧ ಉಡುಪು ಕೊಳ್ಳುವುದಾದರೆ ಭುಜಕ್ಕೆ ಹೊಂದುವುದನ್ನೇ ಕೊಳ್ಳಿ, ಸೊಂಟ ಸಡಿಲವಿದ್ದರೂ ಚಿಂತೆಯಿಲ್ಲ. ಸೊಂಟವನ್ನು ಯಾರು ಬೇಕಾದರೂ ಹಿಡಿದುಕೊಡುತ್ತಾರೆ. ಭುಜವನ್ನು ಸರಿಪಡಿಸುವುದೆಂದರೆ ತೋಳು, ಕಾಲರ್, ಅಸ್ತರು ಎಲ್ಲ ಬಿಚ್ಚಬೇಕು, ಕೂಲಿ ಜಾಕೆಟ್ಟಿನ ಬೆಲೆಯನ್ನೇ ಮುಟ್ಟಬಹುದು.

ನಾನು ನಿಮ್ಮ ಜಾಗದಲ್ಲಿದ್ದರೆ ಹೊಸದೊಂದನ್ನು, ಒಂದೇ ಒಂದನ್ನು, ಹೊಲಿಸುತ್ತಿದ್ದೆ. ದುಡ್ಡು ಕೊಂಡದ್ದು ಕೈಗಳ ಸಮಯವನ್ನು ಎಂದೆನಲ್ಲ, ಆ ಲೆಕ್ಕ ಇಲ್ಲಿ ಬರುತ್ತದೆ: ಮೂರು ಜಾಕೆಟ್ಟಿನ ದುಡ್ಡನ್ನು ಒಂದಕ್ಕೆ ಹಾಕಿ, ಅದರಲ್ಲೂ ಹೆಚ್ಚಿನ ಪಾಲನ್ನು ತೊಡಿಸಿ ನೋಡುವುದಕ್ಕೆ ಕೊಡಿ. ಮೊದಲು ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಡಿಸಲು ಹೇಳಿ. ಅದರ ಮೇಲೆ ಎಷ್ಟು ಬೇಕಾದರೂ ಗೀಚಬಹುದು, ಕತ್ತರಿಸಬಹುದು. ಎದೆಯ ನಡುವೆ ಮತ್ತು ಬೆನ್ನ ನಡುವೆ ಹಾಸಿನ ಎಳೆ (ಬಟ್ಟೆಯ ಉದ್ದಕ್ಕೆ ಓಡುವ ನೂಲು) ತೂಗುಗುಂಡಿನ ಹಾಗೆ ನೆಟ್ಟಗೆ ನೆಲದ ಕಡೆಗೆ ಬೀಳಬೇಕು, ಹೊಕ್ಕಿನ ಎಳೆ (ಅಡ್ಡಕ್ಕೆ ಓಡುವ ನೂಲು) ಎದೆಯ ಸುತ್ತ ನೆಲಕ್ಕೆ ಸಮವಾಗಿರಬೇಕು. ಇವೆರಡು ಸರಿಯಿದ್ದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಆಮೇಲೆ ನಿಜವಾದ ಬಟ್ಟೆಯಲ್ಲಿ ಎರಡು ಸಲ ತೊಟ್ಟು ನೋಡಿ: ನಿಂತು, ಕುಳಿತು, ಬಸ್ಸಿನ ಕಂಬಿ ಹಿಡಿಯುವಂತೆ ಕೈಯೆತ್ತಿ. ಟೈಲರ್ ಅಂಗಡಿಯ ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವವರೇ ಮನೆಗೆ ಹೋಗಿ ದೂರುವವರು. ಹೊಲಿಗೆಗಳ ಒಳಗೆ ಎರಡು ಎರಡೂವರೆ ಸೆಂಟಿಮೀಟರ್ ಹೆಚ್ಚುವರಿ ಬಟ್ಟೆ ಬಿಡಲು ಹೇಳಿ.

ಇದರಲ್ಲೂ ಅಪಾಯವಿದೆ. ಹೀಗೆ ತಾಳ್ಮೆಯಿಂದ ಮಾಡುವ ಟೈಲರ್ ಸಿಗುವುದು ಸುಲಭವಲ್ಲ, ಸಿಕ್ಕವರಿಗೆ ಅವಸರ ಮಾಡಿದರೆ ಅವರೂ ಮಾಮೂಲಿ ಕತ್ತರಿಕೆಗೇ ಇಳಿಯುತ್ತಾರೆ. ಉಣ್ಣೆಗೆ ನುಸಿ, ಒಣ ಒಗೆತ, ಇಸ್ತ್ರಿಯ ಆರೈಕೆ ಬೇಕು. ಡಚೆಸ್ಸಿಗೆ ಇದಕ್ಕೆಲ್ಲ ಆಳುಗಳಿದ್ದರು; ನಿಮಗೆ ಭಾನುವಾರದ ಅರ್ಧ ಗಂಟೆ ಇದೆ. ಅಷ್ಟು ಸಾಕು, ಆದರೆ ಆ ಅರ್ಧ ಗಂಟೆ ಬೇಕೇ ಬೇಕು. ಗುಂಡಿಯೊಂದು ಸಡಿಲಾದ, ಬೆನ್ನು ಮುದುಡಿದ ಸರಳ ಜಾಕೆಟ್ಟಿಗಿಂತ ಶುಭ್ರವಾದ ಹೂವಿನ ಅಂಗಿ ಎಷ್ಟೋ ಮೇಲು.

ಅಂದ ಹಾಗೆ, ಆ ಹೂವಿನ ಬಟ್ಟೆಗಳನ್ನು ಯಾಕೆ ಮೂಲೆಗಿಟ್ಟಿರಿ? ಅವು ನಿಮಗೆ ಇಷ್ಟವಾಗಿದ್ದರೆ ಹೊರಗೆ ತೆಗೆಯಿರಿ. ಸರಳ ಉಡುಪು ಸಾಧಾರಣ ರೂಪದವರು ಕಟ್ಟಬೇಕಾದ ದಂಡವೇನೂ ಅಲ್ಲ. ಹೊಸ ಜಾಕೆಟ್ ಬಂದ ಮೇಲೆ ಅದರ ಜೊತೆ ಒಂದೇ ಒಂದು ಗಟ್ಟಿ ವಸ್ತುವನ್ನು ಇಡಿ: ದೊಡ್ಡ ಪದಕವೋ, ಅಗಲ ಬಳೆಯೋ, ಕೆಂಪು ಕೊರಳವಸ್ತ್ರವೋ. ನೀಲಮಣಿ ಆಗಬೇಕಾಗಿಲ್ಲ.

ಸದ್ಯಕ್ಕೆ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಭುಜದ ಅಸ್ತರನ್ನು ನಾಲ್ಕು ಬೆರಳಷ್ಟು ಬಿಚ್ಚಿ, ಎರಡೂ ಪ್ಯಾಡುಗಳನ್ನು ಹೊರತೆಗೆದು, ಜಾಕೆಟ್ ತೊಟ್ಟು ಯಾರಿಂದಲಾದರೂ ಬೆನ್ನಿನ ಫೋಟೊ ತೆಗೆಸಿ. ಮಡಿಕೆ ಅರ್ಧವಾದರೂ ಕಡಿಮೆಯಾಗಿದ್ದರೆ ನಾನು ಹೇಳಿದ ರೀತಿಯಲ್ಲಿ ಕತ್ತಿನ ಕೆಲಸ ಮಾಡಿಸಬಹುದು. ಒಂದಿಷ್ಟೂ ಕಡಿಮೆಯಾಗದಿದ್ದರೆ ಕಾಲರಿಗೆ ಕತ್ತರಿ ಹಾಕಿಸಬೇಡಿ, ನನಗೆ ಮತ್ತೆ ಬರೆಯಿರಿ. ಆಗ ತಪ್ಪು ಭುಜದ್ದಲ್ಲ: ನೀವು ತೀರ ನೆಟ್ಟಗೆ ನಿಲ್ಲುವವರಿರಬೇಕು, ಜಾಕೆಟ್ಟಿನ ಬೆನ್ನು ನಿಮ್ಮ ಬೆನ್ನಿಗಿಂತ ಉದ್ದವಾಗಿರಬೇಕು. ಅದನ್ನು ಸರಿಪಡಿಸುವ ಬಗೆ ಬೇರೆ.